ಉಳಿದ ಒಂದು ಕಾಲು, ಇಳಿದ ಆಸ್ಪತ್ರೆ ಬಿಲ್ಲು: ಟಾಮಿ ಡಗ್ಲಸ್ ಎಂಬ ಮುಖ್ಯಮಂತ್ರಿಯ ಕಥೆ

ಕಾಲು ತೆಗೆಯಲೇಬೇಕು, ಬೇರೆ ದಾರಿ ಇಲ್ಲ ಅಂತ ಆಸ್ಪತ್ರೆಯವರು ಹೇಳಿ ಆಗಿತ್ತು. ಹುಡುಗನಿಗೆ ಹತ್ತರ ಆಸುಪಾಸು. ಊರು ಕೆನಡಾದ ವಿನ್ನಿಪೆಗ್. ಬಲ ಮಂಡಿಯ ಮೂಳೆಗೆ ಸೋಂಕು ತಗುಲಿ ಕೀವು ಕಟ್ಟಿತ್ತು. ಪೆನ್ಸಿಲಿನ್ ಇನ್ನೂ ಬಂದಿರದ ಕಾಲ ಅದು. ಅಪ್ಪ ಕಬ್ಬಿಣದ ಎರಕದ ಕಾರ್ಖಾನೆಯಲ್ಲಿ ದುಡಿಯುವವರು. ದೊಡ್ಡ ಸರ್ಜನ್ ಹತ್ತಿರ ತೋರಿಸೋಣ ಅಂದ್ರೆ ಕೈಯಲ್ಲಿ ಕಾಸಿಲ್ಲ. ಹುಡುಗ ಧರ್ಮಾರ್ಥ ವಾರ್ಡಿನಲ್ಲಿ ಮಲಗಿದ್ದ.

ಆ ವಾರ್ಡಿಗೆ ಒಂದು ದಿನ ಹೆಸರಾಂತ ಮೂಳೆ ಸರ್ಜನ್ ಒಬ್ಬರು ಬಂದರು. ಮಂಡಿಯನ್ನು ನೋಡಿದರು. ಪ್ರಯತ್ನ ಮಾಡಿದರೆ ಉಳಿಸಬಹುದೇನೋ ಅನ್ನಿಸಿತು. ತಮ್ಮ ಹತ್ತಿರ ಕಲಿಯುವ ವಿದ್ಯಾರ್ಥಿಗಳು ನಿಂತು ನೋಡೋಕೆ ಒಪ್ಪಿದರೆ ಒಂದು ಕಾಸೂ ತಗೊಳ್ಳದೆ ಆಪರೇಷನ್ ಮಾಡ್ತೀನಿ ಅಂದರು. ಅಪ್ಪ ಅಮ್ಮ ಒಪ್ಪದೆ ಇರ್ತಾರಾ? ಒಂದಲ್ಲ, ಹಲವು ಆಪರೇಷನ್ ಆದವು. ಕಾಲು ಉಳಿಯಿತು.

ಆ ಹುಡುಗನ ಹೆಸರು ಟಾಮಿ ಡಗ್ಲಸ್. ಮುಂದೆ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯವನ್ನು 17 ವರ್ಷ ಆಳಿದವರು ಇವರೇ. ಅಲ್ಲಿ ಪ್ರಾಂತ್ಯ ಅಂದ್ರೆ ನಮ್ಮಲ್ಲಿ ರಾಜ್ಯ ಇದ್ದ ಹಾಗೆ, ಪ್ರೀಮಿಯರ್ ಅಂದ್ರೆ ಮುಖ್ಯಮಂತ್ರಿ. ಇವತ್ತು ಕೆನಡಾದಲ್ಲಿ ಯಾರೇ ಆಸ್ಪತ್ರೆಗೆ ಸೇರಿದರೂ, ಡಾಕ್ಟರ್ ಹತ್ತಿರ ಹೋದರೂ ಜೇಬು ಮುಟ್ಟಿ ನೋಡಿಕೊಳ್ಳಬೇಕಾಗಿಲ್ಲ. ಅದರ ಬುಡ ಹುಡುಕಿಕೊಂಡು ಹೋದರೆ ಸಿಗುವುದು ಈ ಮಂಡಿಯೇ.

ಸರ್ಜನ್ ಬಗ್ಗೆ ಡಗ್ಲಸ್ ಅವರಿಗೆ ಕೃತಜ್ಞತೆ ಇತ್ತು. ಆದರೆ ಅವರ ತಲೆಯಲ್ಲಿ ಉಳಿದದ್ದು ಬೇರೆಯೇ ಲೆಕ್ಕ. ಆ ದಿನ ಆ ಡಾಕ್ಟರ್ ಬೇರೆ ವಾರ್ಡಿಗೆ ಹೋಗಿದ್ದರೆ? ಶ್ರೀಮಂತರ ಮಗನಾಗಿದ್ದರೆ ಯಾರ ಕರುಣೆಗೂ ಕಾಯಬೇಕಿರಲಿಲ್ಲ. ಮಗುವಿನ ಕಾಲು ಉಳಿಯೋದು ಅದೃಷ್ಟದ ಮೇಲೆ ನಿಂತಿರಬಾರದು ಎಂಬುದನ್ನು ಅವರು ಮುಂದೆ ಭಾಷಣಗಳಲ್ಲಿ ಮತ್ತೆ ಮತ್ತೆ ಹೇಳಿದರು.

ಹುಟ್ಟಿದ್ದು ಸ್ಕಾಟ್‌ಲೆಂಡಿನ ಫಾಲ್ಕರ್ಕ್ ಎಂಬ ಊರಲ್ಲಿ, 1904ರ ಅಕ್ಟೋಬರ್ 20ರಂದು. ಮಂಡಿಗೆ ಪೆಟ್ಟು ಬಿದ್ದದ್ದೂ ಅಲ್ಲೇ. ಆಮೇಲೆ ಮನೆಯವರು ಹೊಟ್ಟೆಪಾಡಿಗೆ ಹಡಗು ಹತ್ತಿ ಕೆನಡಾಕ್ಕೆ ಬಂದರು. ಮೊದಲ ಮಹಾಯುದ್ಧ ಶುರುವಾದಾಗ ಅಪ್ಪ ಸೈನ್ಯಕ್ಕೆ ಹೋದರು, ಸಂಸಾರ ಗ್ಲಾಸ್ಗೋಗೆ ವಾಪಸ್. ಅಲ್ಲಿ ಟಾಮಿ ಶಾಲೆ ಬಿಟ್ಟು ಬಾಟಲಿ ಬಿರಡೆ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಯುದ್ಧ ಮುಗಿದ ಮೇಲೆ ಮತ್ತೆ ವಿನ್ನಿಪೆಗ್.

1919ರಲ್ಲಿ ಆ ಊರಿಗೆ ಊರೇ ಮುಷ್ಕರ ಹೂಡಿತ್ತು. ಜೂನ್ 21ರಂದು ಕುದುರೆ ಮೇಲಿದ್ದ ಪೊಲೀಸರು ಜನರ ಮೇಲೆ ನುಗ್ಗಿ ಗುಂಡು ಹಾರಿಸಿದ್ದನ್ನು ಹದಿನಾಲ್ಕು ವರ್ಷದ ಟಾಮಿ ಒಂದು ಕಟ್ಟಡದ ತಾರಸಿಯ ಮೇಲಿಂದ ಕಣ್ಣಾರೆ ನೋಡಿದ. ಇಬ್ಬರು ಸತ್ತರು.

ಹೊಟ್ಟೆಪಾಡಿಗೆ ಪ್ರಿಂಟಿಂಗ್ ಪ್ರೆಸ್ಸಿನ ಕೆಲಸ ಕಲಿತ. ಸಂಜೆ ಹೊತ್ತು ಬಾಕ್ಸಿಂಗ್. ಕತ್ತರಿಸಬೇಕಾಗಿದ್ದ ಕಾಲಿನ ಮೇಲೆ ನಿಂತುಕೊಂಡೇ 1922ರಲ್ಲಿ ಮ್ಯಾನಿಟೋಬಾ ಪ್ರಾಂತ್ಯದ ಲೈಟ್‌ವೇಟ್ ಚಾಂಪಿಯನ್ ಆದ! ಮೂಗು ಮುರಿಯಿತು, ಹಲ್ಲುಗಳೂ ಹೋದವು. ಆಳು ಕುಳ್ಳು, ತೂಕ ಅರವತ್ತು ಕೆಜಿಯ ಸುತ್ತಮುತ್ತ. ಮುಂದೆ ರಾಜಕೀಯಕ್ಕೆ ಬಂದಾಗಲೂ ಎದುರಾಳಿಗಳು ಗಾತ್ರ ನೋಡಿ ಮೋಸ ಹೋದದ್ದುಂಟು.

ಕಾಲೇಜು ಮೆಟ್ಟಿಲು ಹತ್ತಿದ್ದು ತಡವಾಗಿ, ಇಪ್ಪತ್ತರ ಹರೆಯದಲ್ಲಿ. ಬ್ರ್ಯಾಂಡನ್ ಕಾಲೇಜಿನಲ್ಲಿ ಓದಿ ಪಾದ್ರಿಯಾದರು. 1930ರಲ್ಲಿ ಇರ್ಮಾ ಡೆಂಪ್ಸಿ ಅವರನ್ನು ಮದುವೆಯಾಗಿ ಸಸ್ಕಾಚೆವಾನಿನ ವೇಬರ್ನ್ ಎಂಬ ಸಣ್ಣ ಊರಿನ ಚರ್ಚಿಗೆ ಬಂದರು. ಬಂದ ಗಳಿಗೆ ಹೇಗಿತ್ತು ಅಂದ್ರೆ, ಗೋಧಿಯ ಬೆಲೆ ಪಾತಾಳಕ್ಕೆ ಇಳಿದಿತ್ತು, ಮಳೆ ಕೈಕೊಟ್ಟಿತ್ತು. ಹೊಲದ ಮೇಲ್ಮಣ್ಣು ಗಾಳಿಗೆ ಎದ್ದು ಹಗಲಲ್ಲೇ ಕತ್ತಲಾಗುತ್ತಿತ್ತು. ಡಾಕ್ಟರುಗಳಿಗೂ ಫೀಸು ಹುಟ್ಟುತ್ತಿರಲಿಲ್ಲ. ರೈತರು ಕೋಳಿ, ಸೌದೆ, ತರಕಾರಿ ಕೊಟ್ಟು ಋಣ ತೀರಿಸುತ್ತಿದ್ದರು. ಅದೂ ಇಲ್ಲದವರು ಕಾಯಿಲೆಯನ್ನು ಹೊತ್ತುಕೊಂಡೇ ಇದ್ದರು. ಕಾಲಕ್ಕೆ ಸರಿಯಾಗಿ ಡಾಕ್ಟರು ಸಿಗದೆ ಸತ್ತವರನ್ನು ಮಣ್ಣು ಮಾಡಿಸುವ ಕೆಲಸ ಪಾದ್ರಿಯ ಪಾಲಿಗೆ ಬರುತ್ತಿತ್ತು. ಪ್ರಾರ್ಥನೆಯೊಂದರಿಂದ ಇದು ಬಗೆಹರಿಯಲ್ಲ ಎಂಬುದು ಅವರಿಗೆ ಮನದಟ್ಟಾದದ್ದು ಅಲ್ಲೇ.

ಒಂದು ಕಪ್ಪು ಚುಕ್ಕೆಯನ್ನೂ ಹೇಳಲೇಬೇಕು. 1933ರಲ್ಲಿ ಎಂಎ ಪದವಿಗೆ ಬರೆದ ಪ್ರಬಂಧದಲ್ಲಿ ಅವರು, ಬುದ್ಧಿ ಬೆಳೆಯದವರಿಗೆ ಮಕ್ಕಳಾಗದಂತೆ ಸರ್ಕಾರವೇ ಆಪರೇಷನ್ ಮಾಡಿಸಬೇಕು ಎಂಬ ವಾದವನ್ನು ಬೆಂಬಲಿಸಿದ್ದರು. ಆ ಕಾಲಕ್ಕೆ ಎಷ್ಟೋ ಓದಿದವರು ಹಾಗೇ ಮಾತಾಡುತ್ತಿದ್ದರು ಅಂತ ಸಮಾಧಾನ ಹೇಳಬಹುದು, ಆದರೂ ಅದು ತಪ್ಪೇ. ಆಮೇಲೆ ಆ ವಿಚಾರವನ್ನು ಕೈಬಿಟ್ಟರು. ಅಧಿಕಾರಕ್ಕೆ ಬಂದಾಗ ಅಂಥದೇ ಶಿಫಾರಸು ಮೇಜಿನ ಮೇಲೆ ಬಂತು, ತಳ್ಳಿಹಾಕಿದರು.

ರಾಜಕೀಯದ ಮೊದಲ ಹೆಜ್ಜೆಯೇ ಸೋಲು. 1934ರ ಪ್ರಾಂತ್ಯದ ಚುನಾವಣೆಯಲ್ಲಿ ಸೋತು, ಮರುವರ್ಷ ಒಟ್ಟಾವಾದ ಸಂಸತ್ತಿಗೆ ಗೆದ್ದರು. ಪಕ್ಷದ ಹೆಸರು ಸಿಸಿಎಫ್. ರೈತರು, ಕಾರ್ಮಿಕರು, ಸಹಕಾರಿಗಳು ಸೇರಿ ಕಟ್ಟಿದ್ದು. 1944ರ ಜೂನ್ 15ರಂದು ಪ್ರಾಂತ್ಯದ ಚುನಾವಣೆಯಲ್ಲಿ ಈ ಪಕ್ಷ 52ರಲ್ಲಿ 47 ಸ್ಥಾನ ಬಾಚಿಕೊಂಡಿತು. ಡಗ್ಲಸ್ ವೇಬರ್ನ್ ಶಾಸಕರಾಗಿ ಮುಖ್ಯಮಂತ್ರಿಯಾದರು. ಉತ್ತರ ಅಮೆರಿಕ ಖಂಡದಲ್ಲೇ ಮೊದಲ ಸಮಾಜವಾದಿ ಸರ್ಕಾರ ಇದು.

ಮುಖ್ಯಮಂತ್ರಿ ಆದವರು ಹಣಕಾಸು ಖಾತೆ ಇಟ್ಟುಕೊಳ್ಳೋದು ಎಲ್ಲ ಕಡೆ ನೋಡಿದ್ದೇವೆ. ಡಗ್ಲಸ್ ಇಟ್ಟುಕೊಂಡದ್ದು ಆರೋಗ್ಯ ಖಾತೆ!

ಖಜಾನೆ ಹೆಚ್ಚುಕಡಿಮೆ ಬರಿದಾಗಿತ್ತು, ಮೇಲೆ ಬೆಟ್ಟದಷ್ಟು ಸಾಲ. ಚುನಾವಣೆಯಲ್ಲಿ ಕೊಟ್ಟ ಮಾತು ಎಲ್ಲರಿಗೂ ಚಿಕಿತ್ಸೆ. ಇಲ್ಲಿ ಇನ್ನೊಬ್ಬರಾಗಿದ್ದರೆ ಮೊದಲ ವರ್ಷವೇ ದೊಡ್ಡ ಘೋಷಣೆ ಮಾಡಿ, ಎರಡನೇ ವರ್ಷ ದುಡ್ಡಿಲ್ಲ ಅಂತ ಕೈಯೆತ್ತುತ್ತಿದ್ದರು. ಡಗ್ಲಸ್ ಹಾಗೆ ಮಾಡಲಿಲ್ಲ. ಸಾಲವನ್ನೂ ತೀರಿಸುತ್ತಾ, ಎಷ್ಟು ಆಗುತ್ತೋ ಅಷ್ಟನ್ನೇ ಮಾಡುತ್ತಾ ಹೋದರು. ಅಂಗಡಿ ನಡೆಸಿದವರಿಗೆ ಈ ಬುದ್ಧಿ ಬೇಗ ಅರ್ಥವಾಗುತ್ತೆ. ಮೊದಲು ಹಳೇ ಬಾಕಿ, ಆಮೇಲೆ ಹೊಸ ಸರಕು.

ಮೊದಲು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಹೆನ್ರಿ ಸಿಗರಿಸ್ಟ್ ಅವರನ್ನು ಕರೆಸಿ ಇಡೀ ಪ್ರಾಂತ್ಯದ ಆರೋಗ್ಯ ಪರಿಸ್ಥಿತಿಯ ವರದಿ ಬರೆಸಿದರು. 1945ರ ಜನವರಿ 1ರಿಂದ ವೃದ್ಧಾಪ್ಯ ಪಿಂಚಣಿ ಪಡೆಯುವವರಿಗೆ, ಮಕ್ಕಳಿರುವ ಗತಿಯಿಲ್ಲದ ತಾಯಂದಿರಿಗೆ ಚಿಕಿತ್ಸೆ, ಔಷಧ ಉಚಿತವಾಯಿತು. ಕ್ಯಾನ್ಸರ್ ಚಿಕಿತ್ಸೆ, ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ದುಡ್ಡು ಕೇಳುವುದು ನಿಂತಿತು. ಹಿಮ ಬಿದ್ದರೆ ಹಳ್ಳಿಗಳಿಗೆ ದಾರಿಯೇ ಮುಚ್ಚಿಹೋಗುವ ನಾಡು, ಹಾಗಾಗಿ 1946ರಲ್ಲಿ ಸಣ್ಣ ವಿಮಾನಗಳ ಆಂಬುಲೆನ್ಸ್ ಶುರುವಾಯಿತು.

ಆಗಲೇ ಇನ್ನೊಂದು ಕೆಲಸ ಆಯಿತು, ಇದನ್ನು ಜಾಸ್ತಿ ಜನ ನೆನಪಿಟ್ಟಿಲ್ಲ. 1945ರಲ್ಲಿ ಸರ್ಕಾರವೇ ವಿಮಾ ಕಚೇರಿ ತೆರೆಯಿತು. ಮರುವರ್ಷ ವಾಹನ ಅಪಘಾತ ವಿಮೆ ಎಲ್ಲರಿಗೂ ಕಡ್ಡಾಯವಾಯಿತು. ತಪ್ಪು ಯಾರದ್ದು ಅಂತ ಕೋರ್ಟಿನಲ್ಲಿ ತೀರ್ಮಾನ ಆಗುವವರೆಗೆ ಕಾಯದೆ ಗಾಯಗೊಂಡವರಿಗೆ ಪರಿಹಾರ ಸಿಗಬೇಕು ಎಂಬುದು ಅದರ ತಿರುಳು. ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿದರೆ ಕಷ್ಟಕ್ಕೆ ಸಿಕ್ಕ ಒಬ್ಬನನ್ನು ಎತ್ತಬಹುದು ಎಂಬ ವಿಮೆಯ ಸೂತ್ರವನ್ನು ಜನ ಮೊದಲು ಕಾರು, ಟ್ರಕ್ಕುಗಳಲ್ಲಿ ನೋಡಿದರು.

ಆ ಸೂತ್ರ ಸಸ್ಕಾಚೆವಾನ್ ಹಳ್ಳಿಗರಿಗೆ ಪೂರ್ತಿ ಹೊಸದೇನೂ ಅಲ್ಲ. ಊರಿಗೊಬ್ಬ ಡಾಕ್ಟರು ನಿಲ್ಲಲಿ ಅಂತ ಗ್ರಾಮಾಡಳಿತವೇ ತೆರಿಗೆ ದುಡ್ಡಲ್ಲಿ ಸಂಬಳ ಕೊಟ್ಟು ಡಾಕ್ಟರನ್ನು ಇಟ್ಟುಕೊಳ್ಳುವ ಪದ್ಧತಿ ಅಲ್ಲಿ ಮೊದಲ ಮಹಾಯುದ್ಧದ ಕಾಲದಿಂದಲೇ ಇತ್ತು. ಡಗ್ಲಸ್ ಮಾಡಿದ್ದು ಅದನ್ನು ದೊಡ್ಡದು ಮಾಡಿದ್ದು. ಸ್ವಿಫ್ಟ್ ಕರೆಂಟ್ ಎಂಬ ಪ್ರದೇಶದ ಜನ ತಾವೇ ಮುಂದೆ ಬಂದು, ತಲೆಗಿಷ್ಟು, ಜಮೀನಿಗಿಷ್ಟು ಅಂತ ಕಟ್ಟಿ 1946ರ ಜುಲೈಯಿಂದ ಆಸ್ಪತ್ರೆ, ಡಾಕ್ಟರ್ ಎರಡೂ ಸೇರಿದ ಯೋಜನೆ ನಡೆಸಿದರು. ಇಡೀ ಪ್ರಾಂತ್ಯಕ್ಕೆ ಮಾಡಿದರೆ ಹೇಗಿರುತ್ತೆ ಅಂತ ನೋಡೋಕೆ ಒಂದು ಮಾದರಿ ಸಿಕ್ಕಿತು.

1947ರ ಜನವರಿ 1ರಂದು ಆಸ್ಪತ್ರೆ ವಿಮೆ ಇಡೀ ಪ್ರಾಂತ್ಯಕ್ಕೆ ಬಂತು. ತಲೆಗೆ ವರ್ಷಕ್ಕೆ 5 ಡಾಲರ್. ಮನೆಯಲ್ಲಿ ಎಷ್ಟೇ ಜನ ಇದ್ದರೂ 30 ಡಾಲರ್ ಮೇಲೆ ಕೇಳುವ ಹಾಗಿಲ್ಲ. ವಸೂಲಿ ಸ್ಥಳೀಯ ಪುರಸಭೆ, ಗ್ರಾಮಾಡಳಿತಗಳ ಕೆಲಸ. ಕಡಿಮೆ ಬಿದ್ದದ್ದನ್ನು ಖಜಾನೆ ತುಂಬುತ್ತಿತ್ತು. ಹೆರಿಗೆಯಾಗಲಿ, ಕಾಲು ಮುರಿಯಲಿ, ಅಪೆಂಡಿಕ್ಸ್ ಆಪರೇಷನ್ ಆಗಲಿ, ಆಸ್ಪತ್ರೆಯ ಬಿಲ್ಲು ಮನೆಗೆ ಬರಲ್ಲ. ಖಂಡದಲ್ಲೇ ಇಂಥದ್ದು ಮೊದಲು.

ಆದರೆ ಡಾಕ್ಟರ ಫೀಸು ಇನ್ನೂ ಉಳಿದಿತ್ತು. ಅರ್ಧ ಕೆಲಸ ಅಷ್ಟೇ ಆದದ್ದು. ಉಳಿದರ್ಧಕ್ಕೆ ಇನ್ನೂ ಹದಿನೈದು ವರ್ಷ ಹಿಡಿಯಿತು.

ಕಾರಣ ದುಡ್ಡು. ಸಾಲ ಇಳಿಯುವ ತನಕ, ರಸ್ತೆ, ಹಳ್ಳಿಗಳಿಗೆ ಕರೆಂಟು ಒಂದು ಹಂತಕ್ಕೆ ಬರುವ ತನಕ ಡಗ್ಲಸ್ ಕೈ ಹಾಕಲಿಲ್ಲ. ಅಷ್ಟರಲ್ಲಿ ನಾಲ್ಕು ಚುನಾವಣೆ ಗೆದ್ದಿದ್ದರು. 1957ರಲ್ಲಿ ಕೇಂದ್ರ ಸರ್ಕಾರ ಕಾಯ್ದೆ ಮಾಡಿ, ಪ್ರಾಂತ್ಯಗಳ ಆಸ್ಪತ್ರೆ ವಿಮೆಯ ಖರ್ಚಲ್ಲಿ ಸುಮಾರು ಅರ್ಧ ತಾನು ಕೊಡಲು ಒಪ್ಪಿತು. ಸಸ್ಕಾಚೆವಾನ್ ಅಷ್ಟೂ ವರ್ಷ ಒಬ್ಬನೇ ಹೊತ್ತಿದ್ದ ಹೊರೆ ಅದು. ಕೈಯಲ್ಲಿ ಉಳಿದ ದುಡ್ಡನ್ನು ಎಲ್ಲಿಗೆ ಹಾಕಬೇಕು ಅಂತ ಡಗ್ಲಸ್ ಯೋಚನೆ ಮಾಡಬೇಕಾಗಿಯೇ ಇರಲಿಲ್ಲ. 1959ರ ಡಿಸೆಂಬರಿನಲ್ಲಿ ರೇಡಿಯೋದಲ್ಲಿ ಯೋಜನೆ ಪ್ರಕಟಿಸಿದರು. ದುಡ್ಡು ಮುಂಚೆಯೇ ಕಟ್ಟಿರಬೇಕು, ಯಾರೂ ಹೊರಗುಳಿಯಬಾರದು, ಚಿಕಿತ್ಸೆಯ ಗುಣಮಟ್ಟ ಇಳಿಯಬಾರದು, ಶಾಸನಸಭೆಗೆ ಉತ್ತರ ಕೊಡುವ ಸಂಸ್ಥೆಯೇ ನಡೆಸಬೇಕು, ಡಾಕ್ಟರುಗಳೂ ರೋಗಿಗಳೂ ಇಬ್ಬರೂ ಒಪ್ಪುವಂತಿರಬೇಕು.

ಕೊನೆಯ ಮಾತಲ್ಲೇ ಸಿಕ್ಕಿಹಾಕಿಕೊಂಡದ್ದು. ಡಾಕ್ಟರುಗಳು ಒಪ್ಪಲಿಲ್ಲ.

ಅವರ ವಾದವನ್ನೂ ಕೇಳಬೇಕು. ಡಾಕ್ಟರುಗಳ ಬೆಂಬಲದ ವಿಮಾ ಯೋಜನೆಗಳು ಆಗಲೇ ಇದ್ದವು, ಸಾಕಷ್ಟು ಜನ ಸೇರಿಯೂ ಇದ್ದರು. ಕಟ್ಟಲಾಗದ ಬಡವರ ಕಂತನ್ನು ಮಾತ್ರ ಸರ್ಕಾರ ತುಂಬಲಿ, ಉಳಿದವರ ಗೊಡವೆಗೆ ಬರಬೇಡಿ ಎಂಬುದು ಅವರ ಬೇಡಿಕೆ. ಫೀಸು ಕೊಡುವವನೇ ಯಜಮಾನ ಆಗ್ತಾನೆ, ನಾಳೆ ಯಾವ ಔಷಧಿ ಬರೆಯಬೇಕು ಅಂತಲೂ ಸರ್ಕಾರವೇ ಹೇಳುತ್ತೆ ಎಂಬ ಭಯ ಅವರಿಗಿತ್ತು. ಆ ಭಯ ಪೂರ್ತಿ ಸುಳ್ಳು ಅನ್ನೋ ಹಾಗಿರಲಿಲ್ಲ.

ಡಗ್ಲಸ್ ಒಪ್ಪದೆ ಇದ್ದದ್ದು ಒಂದೇ ವಿಷಯಕ್ಕೆ. ತಾನು ಬಡವ ಅಂತ ಸಾಬೀತು ಮಾಡಿ, ಚೀಟಿ ಹಿಡಿದುಕೊಂಡು ಬಾಗಿಲಲ್ಲಿ ನಿಂತವನಿಗೆ ಮಾತ್ರ ಚಿಕಿತ್ಸೆ ಅಂದ್ರೆ ಅದು ಮತ್ತೆ ಧರ್ಮಾರ್ಥ ವಾರ್ಡೇ. ಅಲ್ಲಿ ಮಲಗಿ ಎದ್ದು ಬಂದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

1960ರ ಚುನಾವಣೆ ಇದೊಂದೇ ವಿಷಯದ ಮೇಲೆ ನಡೆಯಿತು ಅಂದರೂ ತಪ್ಪಿಲ್ಲ. ಡಾಕ್ಟರುಗಳ ಸಂಘ ಪ್ರತಿ ಸದಸ್ಯರಿಂದ 100 ಡಾಲರ್ ಎತ್ತಿ ಪ್ರಚಾರಕ್ಕಿಳಿಯಿತು. ಇರುವ ಡಾಕ್ಟರುಗಳು ಊರು ಬಿಡ್ತಾರೆ, ಕೈಲಾಗದ ಪರದೇಶಿಗಳು ಬರ್ತಾರೆ ಅಂತ ಹಬ್ಬಿಸಿದರು. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರನ್ನು ಹುಚ್ಚಾಸ್ಪತ್ರೆಗೆ ಅಟ್ಟಬಹುದು ಅಂತಲೂ ಹೆದರಿಸಿದರು. ಮನೆಮನೆಗೆ ಬಂದು ಹೋಗುವ, ಹೆರಿಗೆ ಮಾಡಿಸಿದ ಡಾಕ್ಟರೇ ಹೀಗೆ ಹೇಳಿದರೆ ಜನ ಯಾರನ್ನು ನಂಬಬೇಕು? ಆದರೂ ಡಗ್ಲಸ್ ಪಕ್ಷವೇ ಗೆದ್ದಿತು, ಅದೂ ಒಳ್ಳೆ ಬಹುಮತದಿಂದ.

ಗೆದ್ದ ಮೇಲೂ ತಕ್ಷಣ ಮಸೂದೆ ತರಲಿಲ್ಲ. ಸಮಿತಿ ಮಾಡಿ ಡಾಕ್ಟರುಗಳನ್ನೂ ಕೂರಿಸಿದರು. ಮಾತುಕತೆ ಎಳೆಯಿತು, ಎಳೆಯಿತು. 1961ರ ನವೆಂಬರ್ 17ರಂದು ಕಾಯ್ದೆ ಪಾಸಾಯಿತು. ಒಬ್ಬರಿಗೆ ವರ್ಷಕ್ಕೆ 12 ಡಾಲರ್, ಕುಟುಂಬಕ್ಕೆ 24. ಮಾರಾಟ ತೆರಿಗೆಯನ್ನೂ ಏರಿಸಿದರು. ಉಚಿತ ಅಂತ ಯಾರೂ ಅನ್ನಲಿಲ್ಲ, ಅದು ಮುಂಗಡ.

ಆದರೆ ಕಾಯ್ದೆ ಪಾಸಾದ ದಿನ ಮುಖ್ಯಮಂತ್ರಿ ಕುರ್ಚಿಯಲ್ಲಿ ಡಗ್ಲಸ್ ಇರಲಿಲ್ಲ! ಆ ವರ್ಷವೇ ಹುಟ್ಟಿದ ಎನ್‌ಡಿಪಿ ಎಂಬ ರಾಷ್ಟ್ರೀಯ ಪಕ್ಷಕ್ಕೆ ಅವರನ್ನು ನಾಯಕರನ್ನಾಗಿ ಆರಿಸಿದ್ದರು. ಹತ್ತು ದಿನ ಮುಂಚೆ, ನವೆಂಬರ್ 7ರಂದು ರಾಜೀನಾಮೆ ಕೊಟ್ಟು ಹೊರಟಿದ್ದರು. ಬಿರುಗಾಳಿ ಬರುವ ಹೊತ್ತಿಗೆ ದೋಣಿ ಬಿಟ್ಟು ಹೋದರು ಅಂತ ಟೀಕಿಸಿದವರಿದ್ದರು. ಆ ಟೀಕೆಯಲ್ಲಿ ಹುರುಳಿಲ್ಲ ಅನ್ನೋಕಾಗಲ್ಲ. ಬಿರುಗಾಳಿಯನ್ನು ಎದುರಿಸಿದ್ದು ಅವರ ಜಾಗಕ್ಕೆ ಬಂದ ವುಡ್ರೋ ಲಾಯ್ಡ್, ಮೊದಲು ಶಾಲಾ ಮೇಷ್ಟ್ರಾಗಿದ್ದವರು. ಡಗ್ಲಸ್ ಹೆಸರು ಹೇಳುವಾಗಲೆಲ್ಲ ಲಾಯ್ಡ್ ಹೆಸರನ್ನೂ ಹೇಳದಿದ್ದರೆ ಅನ್ಯಾಯ.

ಬಿಸಿ ಮೊದಲು ತಟ್ಟಿದ್ದು ಡಗ್ಲಸ್ ಅವರಿಗೇ. 1962ರ ಜೂನ್ 18ರ ಸಂಸತ್ ಚುನಾವಣೆಯಲ್ಲಿ ರೆಜಿನಾದಿಂದ ನಿಂತರು. 17 ವರ್ಷ ತಾವೇ ಆಳಿದ ರಾಜಧಾನಿಯಲ್ಲಿ ಹೀನಾಯವಾಗಿ ಸೋತರು. ಯಾರಿಗಾಗಿ ಮಾಡಿದರೋ ಆ ಜನರೇ ಭಯಕ್ಕೆ ಬಿದ್ದು ಓಟು ಹಾಕಲಿಲ್ಲ.

ಹದಿಮೂರೇ ದಿನಕ್ಕೆ, ಜುಲೈ 1ರಂದು ಯೋಜನೆ ಜಾರಿಗೆ ಬಂತು. ಅದೇ ದಿನ ಬಹುಪಾಲು ಡಾಕ್ಟರುಗಳು ಕ್ಲಿನಿಕ್ಕಿಗೆ ಬೀಗ ಹಾಕಿದರು. ತುರ್ತು ಚಿಕಿತ್ಸೆಗೆ ಕೆಲವು ಆಸ್ಪತ್ರೆ ಮಾತ್ರ ತೆರೆದಿದ್ದವು. ಮೊದಲ ದಿನವೇ ಒಂದು ಕೂಸು, ಅಪ್ಪ ಅಮ್ಮ ಡಾಕ್ಟರನ್ನು ಹುಡುಕಿಕೊಂಡು ಕಾರಲ್ಲಿ ಊರೂರು ಅಲೆಯುತ್ತಿರುವಾಗಲೇ ತೀರಿಕೊಂಡಿತು. ಎರಡೂ ಕಡೆಯವರು ಇನ್ನೊಬ್ಬರತ್ತ ಬೆರಳು ತೋರಿಸಿದರು.

ಸರ್ಕಾರ ಬ್ರಿಟನ್ನಿನಿಂದ ಡಾಕ್ಟರುಗಳನ್ನು ಕರೆಸಿತು. ಕೆಲವು ಊರುಗಳಲ್ಲಿ ಜನರೇ ಚಂದಾ ಎತ್ತಿ ಸಮುದಾಯ ಕ್ಲಿನಿಕ್ ತೆರೆದರು. ಇನ್ನೊಂದು ಕಡೆ ನಮ್ಮ ಡಾಕ್ಟರನ್ನು ನಮಗೆ ಉಳಿಸಿಕೊಡಿ ಅಂತ ಸಮಿತಿಗಳು ಹುಟ್ಟಿದವು. ಒಂದೇ ಬೀದಿಯ ಜನ ಎರಡು ಪಾರ್ಟಿ ಆದರು. ಜುಲೈ 11ರಂದು ರೆಜಿನಾದ ಶಾಸನಸಭೆ ಮುಂದೆ ವಿರೋಧಿಗಳು ಭಾರೀ ಸಭೆ ಕರೆದರು. ಹತ್ತಾರು ಸಾವಿರ ಜನರ ನಿರೀಕ್ಷೆ ಇತ್ತು, ಬಂದದ್ದು ಐದು ಸಾವಿರದ ಆಸುಪಾಸು. ಗಾಳಿ ತಿರುಗಿದ್ದು ಅಲ್ಲಿಂದ. ಬ್ರಿಟನ್ನಿನ ಆರೋಗ್ಯ ಯೋಜನೆ ಕಟ್ಟುವಾಗ ದುಡಿದಿದ್ದ ಲಾರ್ಡ್ ಟೇಲರ್ ನಡುವೆ ಓಡಾಡಿ ಜುಲೈ 23ರಂದು ಸಸ್ಕಾಟೂನಿನಲ್ಲಿ ರಾಜಿ ಮಾಡಿಸಿದರು. 23 ದಿನದ ಮುಷ್ಕರ ಮುಗಿಯಿತು. ಡಾಕ್ಟರುಗಳಿಗೂ ಕೆಲವು ಸಡಿಲಿಕೆ ಸಿಕ್ಕವು. ಯೋಜನೆಯ ಹೊರಗೆ ನಿಂತು ನೇರವಾಗಿ ರೋಗಿಯಿಂದ ಫೀಸು ತಗೊಳ್ಳೋಕೆ ಬಯಸಿದವರಿಗೆ ದಾರಿ ಬಿಟ್ಟರು.

ಸ್ವಲ್ಪ ದಿನಕ್ಕೇ ಗೊತ್ತಾದ ತಮಾಷೆ ಏನಂದ್ರೆ, ಡಾಕ್ಟರುಗಳಿಗೂ ಇದು ನಷ್ಟದ ವ್ಯಾಪಾರ ಆಗಿರಲಿಲ್ಲ. ಬಾರದ ಬಾಕಿಗೆ ಅಲೆಯುವ ಕೆಲಸ ತಪ್ಪಿತ್ತು, ನೋಡಿದ ಪ್ರತಿ ರೋಗಿಯ ಫೀಸು ಬರುತ್ತಿತ್ತು.

1964ರಲ್ಲಿ ಲಾಯ್ಡ್ ಸರ್ಕಾರ ಸೋತಿತು. ಗೆದ್ದು ಬಂದ ಲಿಬರಲ್ ಪಕ್ಷ ಯೋಜನೆಯನ್ನು ಮುಟ್ಟಲಿಲ್ಲ, ಮುಟ್ಟುವ ಧೈರ್ಯ ಯಾರಿಗೂ ಉಳಿದಿರಲಿಲ್ಲ. ಅದೇ ವರ್ಷ ಸಸ್ಕಾಚೆವಾನಿನವರೇ ಆದ ನ್ಯಾಯಮೂರ್ತಿ ಎಮ್ಮೆಟ್ ಹಾಲ್ ನೇತೃತ್ವದ ಆಯೋಗ ಇಡೀ ದೇಶಕ್ಕೆ ಇಂಥದೇ ಯೋಜನೆ ಬೇಕು ಅಂತ ವರದಿ ಕೊಟ್ಟಿತು. 1966ರಲ್ಲಿ ಕೇಂದ್ರದ ಕಾಯ್ದೆ ಬಂತು, 1968ರ ಜುಲೈನಿಂದ ಜಾರಿ. 1972ರ ಹೊತ್ತಿಗೆ ಎಲ್ಲ ಪ್ರಾಂತ್ಯಗಳೂ ಸೇರಿಕೊಂಡವು. ಎಲ್ಲವೂ ಬಂತು ಅಂತಲ್ಲ. ಮನೆಗೆ ತರುವ ಔಷಧಿ, ಹಲ್ಲಿನ ಚಿಕಿತ್ಸೆ ಆ ಯೋಜನೆಯ ಹೊರಗೇ ಉಳಿದವು.

ಡಗ್ಲಸ್ ಬೇರೆ ಕ್ಷೇತ್ರದಿಂದ ಸಂಸತ್ತಿಗೆ ಹೋದರು, ಒಮ್ಮೆ ಸೋತರು, ಮತ್ತೆ ಗೆದ್ದರು. ಪ್ರಧಾನಿ ಕುರ್ಚಿ ಸಿಗಲಿಲ್ಲ, ಹತ್ತಿರಕ್ಕೂ ಬರಲಿಲ್ಲ. 1970ರಲ್ಲಿ ಕ್ವಿಬೆಕ್ ಪ್ರಾಂತ್ಯದಲ್ಲಿ ಅಪಹರಣಗಳಾಗಿ ಸರ್ಕಾರ ಯುದ್ಧಕಾಲದ ಕಠಿಣ ಕಾನೂನು ಹೇರಿದಾಗ, ಜನರೆಲ್ಲ ಸರ್ಕಾರದ ಪರ ಇದ್ದರೂ ಇವರು ವಿರೋಧಿಸಿ ನಿಂತರು. ಪೊಲೀಸರು ವರ್ಷಗಟ್ಟಲೆ ಇವರ ಮೇಲೆಯೇ ಕಣ್ಣಿಟ್ಟು ಕಡತ ಬೆಳೆಸಿದ್ದರು ಎಂಬುದು ಸತ್ತ ಎಷ್ಟೋ ವರ್ಷದ ಮೇಲೆ ಹೊರಬಿತ್ತು. 1979ರಲ್ಲಿ ರಾಜಕೀಯದಿಂದ ನಿವೃತ್ತಿ.

ಸಸ್ಕಾಟೂನ್ ರಾಜಿಯಲ್ಲಿ ಬಿಟ್ಟಂಥ ಸಂದುಗಳಿಂದ ಮುಂದೆ ತೊಂದರೆ ಶುರುವಾಗಿತ್ತು. ಎಷ್ಟೋ ಕಡೆ ಡಾಕ್ಟರುಗಳು ಯೋಜನೆಯ ಫೀಸಿನ ಮೇಲೆ ರೋಗಿಯಿಂದ ಪ್ರತ್ಯೇಕ ದುಡ್ಡು ಕೇಳುತ್ತಿದ್ದರು. 1984ರಲ್ಲಿ ಕೇಂದ್ರ ಹೊಸ ಆರೋಗ್ಯ ಕಾಯ್ದೆ ತಂದು, ಹಾಗೆ ಕೇಳಲು ಬಿಡುವ ಪ್ರಾಂತ್ಯದ ಅನುದಾನ ಕಡಿತ ಮಾಡುತ್ತೇವೆ ಅಂದಿತು. ಅದೇ ವರ್ಷ ಒಟ್ಟಾವಾದಲ್ಲಿ ಡಗ್ಲಸ್ ಅವರಿಗೆ ಬಸ್ಸು ಡಿಕ್ಕಿ ಹೊಡೆಯಿತು. ಎಂಬತ್ತರ ಅಂಚಿನಲ್ಲಿದ್ದ ಮುದುಕ ಬದುಕಿ ಎದ್ದು ಮತ್ತೆ ನಡೆದಾಡಿದರು.

1986ರ ಫೆಬ್ರವರಿ 24ರಂದು ಕ್ಯಾನ್ಸರಿನಿಂದ ತೀರಿಕೊಂಡರು. 2004ರಲ್ಲಿ ಸಿಬಿಸಿ ಟಿವಿ ಕೆನಡಾದ ಅತಿ ದೊಡ್ಡ ವ್ಯಕ್ತಿ ಯಾರು ಅಂತ ಜನರಿಂದ ಓಟು ಹಾಕಿಸಿದಾಗ ಮೊದಲು ಬಂದದ್ದು ಪ್ರಧಾನಿಗಳಲ್ಲ, ಆಟಗಾರರಲ್ಲ, ಇವರು. ವೇಬರ್ನ್ ಊರಲ್ಲಿ ಈಗ ಅವರದೊಂದು ಪ್ರತಿಮೆ ಇದೆ. 2010ರಲ್ಲಿ ಅದರ ಅನಾವರಣಕ್ಕೆ ಬಂದಿದ್ದವರು ಅವರ ಮಗಳ ಮಗ, ಹಾಲಿವುಡ್ ನಟ ಕೀಫರ್ ಸದರ್ಲೆಂಡ್. ಬರಗಾಲದ ದಿನಗಳಲ್ಲಿ ಡಗ್ಲಸ್ ಪಾದ್ರಿಯಾಗಿದ್ದ ಆ ಹಳೇ ಚರ್ಚಿನ ಕಟ್ಟಡವನ್ನೂ ಊರವರು ಕೆಡವದೆ ಉಳಿಸಿಕೊಂಡಿದ್ದಾರೆ, ಈಗ ಅಲ್ಲಿ ನಾಟಕ, ಸಂಗೀತ ನಡೆಯುತ್ತೆ.